ಆಲೂಗಡ್ಡೆಗೆ ದೂರದ ಸಂಬಂಧ

ಮೇ ತಿಂಗಳ ಕೊನೆಗೆ ಹಾಸನದ ಕಡೆ ಒಂದೆರಡು ಹದಮಳೆ ಬಿದ್ದರೆ ಸಾಕು, ಜಗುಲಿಗಳ ಮೇಲೆ ಗಡ್ಡೆ ಕೊಯ್ಯುವ ಕೆಲಸ ಶುರುವಾಗುತ್ತದೆ. ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬಂದ ಬಿತ್ತನೆ ಗಡ್ಡೆಯ ಮೂಟೆ ಬಿಚ್ಚಿ ಹೆಂಗಸರು ಸುತ್ತ ಕೂರುತ್ತಾರೆ. ಗಡ್ಡೆಯನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿ ಕಣ್ಣು ಎಲ್ಲೆಲ್ಲಿವೆ ಎಂದು ನೋಡುತ್ತಾರೆ, ಹೋಳಿಗೆ ಎರಡು ಕಣ್ಣಾದರೂ ಉಳಿಯುವಂತೆ ಕತ್ತಿ ಹಾಕುತ್ತಾರೆ. ಒಳಗೆ ಕಪ್ಪು ಉಂಗುರ ಕಂಡರೆ ಆ ಗಡ್ಡೆ ತಿಪ್ಪೆಗೆ. ಕೊಯ್ದ ಹೋಳು ನೆರಳಲ್ಲಿ ಗಾಯ ಒಣಗಿಸಿಕೊಂಡು ಸಾಲಿಗೆ ಬೀಳುತ್ತದೆ. ಹೀಗೆ ಬೆಳೆದ ಹೊಲದಲ್ಲಿ ನಿಂತು ನೋಡಿದರೆ ಸಾವಿರಾರು ಗಿಡ ಕಾಣುತ್ತವೆ ನಿಜ. ಆದರೆ ಹುಟ್ಟಿನ ಲೆಕ್ಕದಲ್ಲಿ ಅಲ್ಲಿರುವುದು ಒಂದೇ ಗಿಡ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಎಂಬ ಒಂದು ಸಸಿಯ ಹೋಳಿನ ಹೋಳಿನ ಹೋಳುಗಳು ಅವು.

ಆಲೂಗಡ್ಡೆಯ ಇಳುವರಿ ಹೆಚ್ಚಿಸುವ ಪ್ರಶ್ನೆ ಇಲ್ಲಿಂದಲೇ ಆರಂಭವಾಗಬೇಕು. ಭತ್ತ, ರಾಗಿ, ಜೋಳ ಪ್ರತಿ ಬೆಳೆಗೂ ಹೂ ಬಿಟ್ಟು ಕಾಳು ಕಟ್ಟಿ ಹೊಸದಾಗಿ ಹುಟ್ಟುತ್ತವೆ. ಆಲೂಗಡ್ಡೆ ರೈತನ ಹೊಲದಲ್ಲಿ ಹಾಗೆ ಹುಟ್ಟುವುದಿಲ್ಲ. ಅದಕ್ಕೂ ಹೂವಿದೆ, ಹಣ್ಣಿದೆ. ಬದನೆ, ಟೊಮ್ಯಾಟೊ ಬಳಗದ ಗಿಡವಾದ್ದರಿಂದ ಅದರ ಹಣ್ಣು ಎಳೆಯ ಟೊಮ್ಯಾಟೊ ಕಾಯಿಯಂತೆ ಹಸಿರಾಗಿ, ಗುಂಡಗೆ ಇರುತ್ತದೆ. ವಿಷದ ಕಹಿಯಾದ್ದರಿಂದ ಯಾರೂ ತಿನ್ನುವುದಿಲ್ಲ. ಒಂದು ಹಣ್ಣಿನಲ್ಲಿ ನೂರು, ಇನ್ನೂರು ಬೀಜ. ಒಂದು ಬೀಜದ ಗಿಡ ಇನ್ನೊಂದರಂತಿರುವುದಿಲ್ಲ. ಒಂದು ಕೆಂಪು ಗಡ್ಡೆ ಕೊಟ್ಟರೆ ಪಕ್ಕದ್ದು ಬಿಳಿಯದು ಕೊಡುತ್ತದೆ, ಮೂರನೆಯದು ಗೋಲಿಯಷ್ಟು ಗಡ್ಡೆಗಳನ್ನು ಗೊಂಚಲು ಬಿಡುತ್ತದೆ. ಗಡ್ಡೆಯಿಂದ ಗಡ್ಡೆ ಬೆಳೆದಾಗ ಮುಚ್ಚಿಕೊಂಡಿದ್ದ ವಂಶವೆಲ್ಲ ಬೀಜದಿಂದ ಬೆಳೆದಾಗ ಬಯಲಿಗೆ ಬೀಳುತ್ತದೆ. ಹೊಸ ತಳಿ ಎಂಬುದು ಈ ಬೀಜದಲ್ಲಿ ಮಾತ್ರ ಹುಟ್ಟಲು ಸಾಧ್ಯ. ಬೀಜ ಕಟ್ಟಲು ಯಾರಿಗೆ ಯಾರನ್ನು ತಂದು ಸಂಬಂಧ ಮಾಡಬೇಕು ಎನ್ನುವುದು ನೂರೈವತ್ತು ವರ್ಷಕ್ಕೂ ಹಿಂದಿನಿಂದ ತಳಿವಿಜ್ಞಾನಿಗಳನ್ನು ಕಾಡಿರುವ ಪ್ರಶ್ನೆ. ಅದಕ್ಕೆ ಸಿಕ್ಕ ಉತ್ತರಗಳಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಂಡಿರುವುದು ಒಂದು: ಸಾವಿರಾರು ವರ್ಷ ಬೇರೆಬೇರೆಯಾಗಿ ಬೆಳೆದ ಆಲೂಗಡ್ಡೆಯ ಕವಲುಗಳನ್ನು ಮತ್ತೆ ಕೂಡಿಸಿದಾಗಲೆಲ್ಲ ಗಡ್ಡೆ ತುಂಬಿ ಬಂದಿದೆ.

ಆ ಕವಲುಗಳು ಇರುವುದು ಆಂಡೀಸ್ ಬೆಟ್ಟಸಾಲಿನಲ್ಲಿ. ಪೆರು ಮತ್ತು ಬೊಲಿವಿಯಾ ನಡುವಿನ ಟಿಟಿಕಾಕಾ ಸರೋವರದ ಸುತ್ತಮುತ್ತ, ದಕ್ಷಿಣ ಪೆರುವಿನ ಎತ್ತರದ ಬಯಲುಗಳಲ್ಲಿ ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಕಾಡು ಗಡ್ಡೆ ಊರಿನ ಗಡ್ಡೆಯಾಯಿತು. ಮೊದಲು ಪಳಗಿದ್ದು 24 ವರ್ಣತಂತುಗಳ ಸಣ್ಣ ಗಡ್ಡೆಗಳು. ಸ್ಟೆನೊಟೋಮಮ್ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಗುಂಪು ಅದು. ಅದರ ಹತ್ತಿರದ್ದು ಫುರೇಜಾ. ಅಗೆದು ತೆಗೆಯುವಷ್ಟರಲ್ಲೇ ಮೊಳಕೆಗೆ ಸಿದ್ಧವಾಗುವ, ಹಳದಿ ತಿರುಳಿನ, ಬಹಳ ರುಚಿಯ ಗಡ್ಡೆ ಅದರದು. ಕೊಲಂಬಿಯಾದವರ ಪಾಪಾ ಕ್ರಿಯೊಲ್ಲಾ ಈ ಗುಂಪಿಗೇ ಸೇರಿದ್ದು. ಮುಂದೆ ವರ್ಣತಂತುಗಳು ಇಮ್ಮಡಿಯಾಗಿ 48 ಆದವು. ಗಿಡ ದೊಡ್ಡದಾಯಿತು, ಗಡ್ಡೆ ತೂಗತೊಡಗಿತು. ಆಂಡೀಸಿನ ಉದ್ದಕ್ಕೂ ಹರಡಿರುವ ಈ ಗುಂಪೇ ಆಂಡಿಜೆನಾ. ಇನ್ನೂ ಮೇಲೆ, ಹಿಮ ಬೀಳುವ ಕಡೆ, ಊರ ಗಡ್ಡೆ ಕಾಡಿನ ಗಡ್ಡೆಯೊಡನೆ ಕೂಡಿ 36 ಮತ್ತು 60 ವರ್ಣತಂತುಗಳ ಕಹಿ ಆಲೂಗಡ್ಡೆಗಳು ಹುಟ್ಟಿವೆ. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಒಣಗಿಸಿ ಚುನ್ಯೊ ಮಾಡಿದರೆ ಅವು ವರ್ಷಗಟ್ಟಲೆ ಕೆಡುವುದಿಲ್ಲ.

ಕೊನೆಯ ಕವಲು ದೂರ ದಕ್ಷಿಣಕ್ಕೆ, ಚಿಲಿ ದೇಶದ ಚಿಲೋಯೆ ದ್ವೀಪದ ಕಡೆ ಹೋಯಿತು. ಅಲ್ಲಿ ಬೇಸಿಗೆಯ ಹಗಲು ಬಲು ಉದ್ದ. ಹಗಲು ಹನ್ನೆರಡು ಗಂಟೆಯ ಆಸುಪಾಸಿಗೆ ಇಳಿದಾಗಲೇ ಗಡ್ಡೆ ಕಟ್ಟುವ ಆಂಡಿಜೆನಾಕ್ಕೆ ಅದು ಒಗ್ಗದ ಜಾಗ. ಉದ್ದ ಹಗಲಲ್ಲೂ ಗಡ್ಡೆ ಕಟ್ಟುವ ಗುಂಪು ಅಲ್ಲಿ ರೂಪುಗೊಂಡಿತು. ಅದೇ ಟ್ಯೂಬರೋಸಮ್. ಅದರ ಜೀವಕೋಶದ ಹಸಿರು ಕಣಗಳನ್ನು ಪರೀಕ್ಷಿಸಿದವರು ತಾಯಿಯ ಕಡೆಯಿಂದ ಒಂದು ಕಾಡು ಜಾತಿಯ ಗುರುತು ಕಂಡಿದ್ದಾರೆ. ಎಂದರೆ ಇವತ್ತು ಜಗತ್ತೆಲ್ಲ ತಿನ್ನುವ ಗುಂಪು ತಾನೇ ಒಂದು ಬೆರಕೆಯ ಕೂಸು. ಇನ್ನೂ ಹಿಂದಕ್ಕೆ ಹೋದರೆ ಬೆರಕೆ ಇನ್ನೂ ಆಳಕ್ಕಿಳಿಯುತ್ತದೆ. ಸುಮಾರು 90 ಲಕ್ಷ ವರ್ಷಗಳ ಹಿಂದೆ ಟೊಮ್ಯಾಟೊದ ಪೂರ್ವಿಕರೂ ಗಡ್ಡೆಯೇ ಇಲ್ಲದ ಇನ್ನೊಂದು ಸಸ್ಯವಂಶವೂ ಕೂಡಿದ್ದರಿಂದ ಆಲೂಗಡ್ಡೆಯ ಕುಲ ಹುಟ್ಟಿತು ಎಂದು 2025ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ತೋರಿಸಿದೆ. ಗಡ್ಡೆ ಕಟ್ಟಲು ಬೇಕಾದ ಎರಡು ಮುಖ್ಯ ಜೀನುಗಳಲ್ಲಿ ಒಂದು ಈ ಕಡೆಯದು, ಇನ್ನೊಂದು ಆ ಕಡೆಯದು. ಎರಡು ಮನೆಗಳಲ್ಲೂ ಇಲ್ಲದ ಗಡ್ಡೆ ಅವೆರಡರ ಮಗುವಿನಲ್ಲಿ ಬಂತು.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದದ್ದು ಕೆಲವೇ ಗಡ್ಡೆ. 1573ರ ಹೊತ್ತಿಗೆ ಸೆವಿಲ್ ನಗರದ ಆಸ್ಪತ್ರೆಯೊಂದರ ಖರ್ಚಿನ ಪುಸ್ತಕದಲ್ಲಿ ಅದರ ಹೆಸರಿದೆ. ಮೊದಲ ಶತಮಾನಗಳಲ್ಲಿ ಅಲ್ಲಿ ಹೆಚ್ಚಾಗಿ ಇದ್ದದ್ದು ಆಂಡೀಸಿನದೇ ಗಡ್ಡೆ ಎನ್ನುವುದನ್ನು ಹಳೆಯ ಒಣಸಸ್ಯ ಸಂಗ್ರಹಗಳ ಡಿಎನ್‌ಎ ತೋರಿಸಿದೆ. ಹಗಲು ಕುಗ್ಗುವ ಶರತ್ಕಾಲದವರೆಗೆ ಅದು ಗಡ್ಡೆ ಕಟ್ಟದು. ಹಾಗಾಗಿ ಹಿಮ ತಡವಾಗಿ ಬೀಳುವ ಐರ್ಲೆಂಡಿನಂಥ ಕಡೆ ಅದಕ್ಕೆ ಮೊದಲು ಬೇರು ಸಿಕ್ಕಿತು. ಮುಂದೆ ಬೇಗ ಕಟ್ಟುವ ಗಡ್ಡೆಗಳನ್ನು ಜನ ಆರಿಸಿ ಆರಿಸಿ ಉಳಿಸಿಕೊಂಡರು, ಚಿಲಿಯ ಗಡ್ಡೆಗಳೂ ಬಂದು ಸೇರಿದವು. ಆದರೆ ತಂದದ್ದು ಕೆಲವು, ಉಳಿದದ್ದು ಇನ್ನೂ ಕೆಲವು. ಸೋದರಿಕೆಯಲ್ಲೇ ಮದುವೆ ಮುಂದುವರಿದ ಮನೆತನದಂತೆ ಯುರೋಪಿನ ಆಲೂಗಡ್ಡೆಯ ವಂಶ ಕಿರಿದಾಗುತ್ತ ಹೋಯಿತು. 1845ರಲ್ಲಿ ಅಂಗಮಾರಿ ರೋಗ ಬಂದಾಗ ಐರ್ಲೆಂಡಿನ ಬಡವರ ಹೊಲಗಳಲ್ಲಿ ಲಂಪರ್ ಎಂಬ ಒಂದೇ ತಳಿ ಮುಖ್ಯವಾಗಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು.

ಆ ಆಘಾತದ ನಂತರ ಹೊಸ ರಕ್ತ ಬೇಕು ಎಂದು ಹೊರಟವರಲ್ಲಿ ಒಬ್ಬರು ನ್ಯೂಯಾರ್ಕ್ ರಾಜ್ಯದ ಯೂಟಿಕಾದ ಪಾದ್ರಿ ಚಾನ್ಸಿ ಗುಡ್‌ರಿಚ್. 1851ರಲ್ಲಿ ಪನಾಮಾದ ಮೂಲಕ ತರಿಸಿಕೊಂಡ ದಕ್ಷಿಣ ಅಮೆರಿಕದ ಗಡ್ಡೆಗಳಲ್ಲಿ ಒಂದಕ್ಕೆ ಅವರು ರಫ್ ಪರ್ಪಲ್ ಚಿಲಿ ಎಂದು ಹೆಸರಿಟ್ಟರು. ಅದರ ಬೀಜದಿಂದ ಗಾರ್ನೆಟ್ ಚಿಲಿ ಬಂತು, ಅದರ ಬೀಜದಿಂದ ಅರ್ಲಿ ರೋಸ್, ಅದರ ಒಂದು ಹಣ್ಣಿನಿಂದ ಲೂಥರ್ ಬರ್ಬ್ಯಾಂಕ್ ಎಂಬ ತರುಣ ಆರಿಸಿದ ಸಸಿ. ಆ ಸಸಿಯ ಸಿಪ್ಪೆ ಒರಟಾದ ರೂಪಾಂತರವೇ ಅಮೆರಿಕದ ಫ್ರೆಂಚ್ ಫ್ರೈ ತಟ್ಟೆಗಳಲ್ಲಿ ಇವತ್ತೂ ಇರುವ ರಸೆಟ್ ಬರ್ಬ್ಯಾಂಕ್. ಹೊರಗಿನಿಂದ ಬಂದ ಒಂದೇ ಒಂದು ಗಡ್ಡೆ ಒಂದು ಖಂಡದ ಆಲೂಗಡ್ಡೆಯ ಚರಿತ್ರೆಯನ್ನು ತಿರುಗಿಸಿತು. ಆದರೆ ಎಲ್ಲರೂ ಅದೇ ಮನೆಯ ಹೆಣ್ಣು ತಂದದ್ದರಿಂದ ಕೆಲವೇ ದಶಕಗಳಲ್ಲಿ ವಂಶ ಮತ್ತೆ ಕಿರಿದಾಯಿತು.

ಆಂಡೀಸಿನಲ್ಲಿ ಎಷ್ಟು ಬಗೆ ಇದೆ ಎಂದು ಮೊದಲು ಲೆಕ್ಕ ಹಾಕಿದವರು ರಷ್ಯನ್ನರು. ಸಸ್ಯವಿಜ್ಞಾನಿ ವಾವಿಲೋವ್ ಕಳಿಸಿದ ಬುಕಾಸೋವ್ ಮತ್ತು ಯೂಝೆಪ್ಚುಕ್ 1920ರ ದಶಕದಲ್ಲಿ ಬೆಟ್ಟ ಹತ್ತಿ ಇಳಿದು, ಆಲೂಗಡ್ಡೆ ಒಂದು ಜಾತಿಯಲ್ಲ, ವರ್ಣತಂತುಗಳ ಸಂಖ್ಯೆಯಲ್ಲೇ ಬೇರೆಬೇರೆಯಾದ ಹಲವು ಎಂದು ತೋರಿಸಿದರು. ಆ ಸಂಗ್ರಹ ಲೆನಿನ್‌ಗ್ರಾಡ್ ಹತ್ತಿರದ ಪಾವ್ಲೋವ್ಸ್ಕ್‌ನಲ್ಲಿತ್ತು. 1941ರಲ್ಲಿ ಜರ್ಮನ್ ಸೇನೆ ನುಗ್ಗಿ ಬರುತ್ತಿದ್ದಾಗ ಅಬ್ರಹಾಂ ಕಮೆರಾಜ್ ಮತ್ತು ಓಲ್ಗಾ ವೊಸ್ಕ್ರೆಸೆನ್ಸ್‌ಕಾಯಾ ಗುಂಡಿನ ಮಳೆಯ ನಡುವೆ ಗಡ್ಡೆಗಳನ್ನು ಅಗೆದು ನಗರಕ್ಕೆ ಸಾಗಿಸಿದರು. ಲೆನಿನ್‌ಗ್ರಾಡ್ ಮುತ್ತಿಗೆಯ ಆ ಚಳಿಗಾಲದಲ್ಲಿ ಊರೇ ಹಸಿವಿನಿಂದ ಸಾಯುತ್ತಿತ್ತು. ಕೈಗೆಟುಕುವ ದೂರದಲ್ಲಿ ಗಡ್ಡೆಯ ರಾಶಿ ಇದ್ದೂ ಅವರು ಒಂದನ್ನೂ ತಿನ್ನಲಿಲ್ಲ. ವಾವಿಲೋವ್ ಅವರ ಸಂಸ್ಥೆಯಲ್ಲಿ ಬೀಜ ಕಾಯುತ್ತಲೇ ಹಲವು ವಿಜ್ಞಾನಿಗಳು ಸತ್ತರು. ತಳಿ ಸಂಕರಣದ ಚರಿತ್ರೆ ಬರೆಯುವಾಗ ಪರಾಗ ಬೆರೆಸಿದವರ ಹೆಸರು ಮೊದಲು ಬರುತ್ತದೆ. ಗಡ್ಡೆ ಕಾದವರ ಹೆಸರೂ ಅದೇ ಸಾಲಿನಲ್ಲಿ ಬರಬೇಕು ಎಂದು ನನ್ನ ನಂಬಿಕೆ.

ಆಂಡಿಜೆನಾವನ್ನು ನೇರವಾಗಿ ಯುರೋಪಿನ ತಳಿಗಳೊಡನೆ ಕೂಡಿಸಿದಾಗ ಮೊದಲ ಸಮಸ್ಯೆ ಹಗಲಿನದು. ಗಿಡ ಹುಲುಸಾಗಿ ಎದೆಮಟ್ಟ ಬೆಳೆದು ಹೂ ಬಿಡುತ್ತದೆ, ಬುಡ ಕಿತ್ತರೆ ಬರೀ ಬಳ್ಳಿಬೇರು. ಇದಕ್ಕೆ ಪರಿಹಾರ ಹುಡುಕಿದವರು ಬ್ರಿಟನ್ನಿನ ತಳಿವಿಜ್ಞಾನಿ ನಾರ್ಮನ್ ಸಿಮಂಡ್ಸ್. 1959ರಲ್ಲಿ ಆಂಡಿಜೆನಾದ ಬಗೆಬಗೆಯ ಬೀಜಗಳನ್ನು ಬ್ರಿಟನ್ನಿನ ಬೇಸಿಗೆಯಲ್ಲಿ ಬಿತ್ತಿದರು. ಅವುಗಳಲ್ಲಿ ಅಷ್ಟಿಷ್ಟು ಗಡ್ಡೆ ಕಟ್ಟಿದವನ್ನು ಉಳಿಸಿ, ಅವು ತಮ್ಮೊಳಗೇ ಬೆರೆತು ಕಟ್ಟಿದ ಬೀಜ ಮತ್ತೆ ಬಿತ್ತಿದರು, ಮತ್ತೆ ಆರಿಸಿದರು. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ಆಂಡಿಜೆನಾ ಉದ್ದ ಹಗಲಿಗೆ ಒಗ್ಗಿ, ಯುರೋಪಿನ ತಳಿಗಳ ಸಮೀಪದ ಇಳುವರಿ ಕೊಡತೊಡಗಿತು. ಎರಡು ಶತಮಾನಗಳಲ್ಲಿ ಯುರೋಪಿನ ಹೊಲಗಳು ತಿಳಿಯದೆ ಮಾಡಿದ್ದನ್ನು ಅವರು ತಿಳಿದು ಕೆಲವೇ ವರ್ಷಗಳಲ್ಲಿ ಮಾಡಿದರು. ಹೀಗೆ ಒಗ್ಗಿದ ಆಂಡಿಜೆನಾಕ್ಕೆ ನಿಯೋ-ಟ್ಯೂಬರೋಸಮ್ ಎಂದು ಹೆಸರಾಯಿತು. ಅಮೆರಿಕದ ಕಾರ್ನೆಲ್‌ನಲ್ಲಿ ರಾಬರ್ಟ್ ಪ್ಲೇಸ್ಟೆಡ್, ಕೆನಡಾದಲ್ಲಿ ಟಾರ್ನ್ ಮತ್ತು ತಾಯ್ ಇದೇ ದಾರಿ ಹಿಡಿದರು. ಹೀಗೆ ಹದಕ್ಕೆ ಬಂದ ಆಂಡಿಜೆನಾವನ್ನು ಟ್ಯೂಬರೋಸಮ್‌ಗೆ ಕೂಡಿಸಿದಾಗ ಹುಟ್ಟಿದ ಸಸಿಗಳು ಟ್ಯೂಬರೋಸಮ್ ಟ್ಯೂಬರೋಸಮ್ ಕೂಡಿಸಿದಾಗ ಹುಟ್ಟಿದ್ದಕ್ಕಿಂತ ಹೆಚ್ಚು ತೂಗಿದವು. ಒಂದಲ್ಲ ಎರಡಲ್ಲ, ಬೇರೆಬೇರೆ ದೇಶಗಳ ಪ್ರಯೋಗಗಳು ಮತ್ತೆಮತ್ತೆ ಇದೇ ಮಾತು ಹೇಳಿದವು.

ಸಿಮಂಡ್ಸ್ ಬುಡ ಕಿತ್ತು ಆರಿಸಿದ್ದು ಏನನ್ನು ಎಂಬುದು 2013ರಲ್ಲಿ ತಿಳಿಯಿತು. ಐದನೆಯ ವರ್ಣತಂತುವಿನ ಮೇಲೆ ಸಿಡಿಎಫ್1 ಎಂಬ ಜೀನಿದೆ. ಅದರ ಮೂಲ ರೂಪ ಉದ್ದ ಹಗಲಲ್ಲಿ ಗಡ್ಡೆ ಕಟ್ಟಗೊಡುವುದಿಲ್ಲ, ಬಾಲ ತುಂಡಾದ ರೂಪಗಳಿಗೆ ಆ ತಡೆ ಇಲ್ಲ. ಉತ್ತರದ ದೇಶಗಳ ಆಲೂಗಡ್ಡೆ ನಿಂತಿರುವುದು ಆ ತುಂಡು ಬಾಲದ ಮೇಲೆ.

ದೂರದ ಸಂಬಂಧದಿಂದ ಇಳುವರಿ ಏಕೆ ಏರುತ್ತದೆ? ಆಲೂಗಡ್ಡೆಯ 48 ವರ್ಣತಂತು ಎಂದರೆ ಹನ್ನೆರಡರ ನಾಲ್ಕು ಪ್ರತಿ. ಯಾವ ಜೀನು ತೆಗೆದುಕೊಂಡರೂ ಗಿಡದಲ್ಲಿ ಅದಕ್ಕೆ ನಾಲ್ಕು ಕುರ್ಚಿ. ನಾಲ್ಕರಲ್ಲೂ ಒಂದೇ ರೂಪ ಕೂತಿರಬಹುದು, ನಾಲ್ಕು ಬೇರೆ ರೂಪಗಳೂ ಕೂತಿರಬಹುದು. ಹತ್ತಿರದ ನಂಟಿನಲ್ಲಿ ಬೆರೆತಾಗ ಒಂದೇ ರೂಪ ಪದೇಪದೇ ಬಂದು ಕೂರುತ್ತದೆ. ಅವುಗಳಲ್ಲಿ ಕೆಟ್ಟದ್ದಿದ್ದರೆ ಅದನ್ನು ಮುಚ್ಚಲು ಪಕ್ಕದಲ್ಲಿ ಒಳ್ಳೆಯದಿರುವುದಿಲ್ಲ. 2011ರಲ್ಲಿ ಭಾರತವೂ ಸೇರಿದಂತೆ 14 ದೇಶಗಳ ವಿಜ್ಞಾನಿಗಳು ಫುರೇಜಾ ಗುಂಪಿನ ಒಂದು ಗಿಡದ ಪೂರ್ತಿ ಜೀನೋಮ್ ಓದಿದಾಗ, ಆಲೂಗಡ್ಡೆ ತನ್ನ ಒಡಲಲ್ಲಿ ಕೆಟ್ಟುಹೋದ ಜೀನುಗಳನ್ನು ಎಷ್ಟೊಂದು ಹೊತ್ತಿದೆ ಎನ್ನುವುದು ಕಣ್ಣಿಗೆ ಬಿತ್ತು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಆ ಕೆಲಸದಲ್ಲಿ ಪಾಲುಗೊಂಡಿತ್ತು. ಗಡ್ಡೆಯಿಂದ ಗಡ್ಡೆ ಬೆಳೆಯುವ ಬೆಳೆಯಲ್ಲಿ ಅಂಥ ಜೀನು ಸೋಸಿ ಹೋಗುವ ಅವಕಾಶವೇ ಇಲ್ಲ. ಒಂದು ಗುಂಪಿನ ಕೆಡುಕು ಇನ್ನೊಂದು ಗುಂಪಿನಲ್ಲಿ ಇರುವುದು ಅಪರೂಪ. ಎರಡೂ ಕೂಡಿದಾಗ ಇದರ ಕೊರತೆ ಅದು ತುಂಬುತ್ತದೆ. ಸಂಕರದ ಹುರುಪು ಎನ್ನುವುದಕ್ಕೆ ಹೀಗೆ ಬಹುಮಟ್ಟಿಗೆ ಲೆಕ್ಕ ಸಿಗುತ್ತದೆ.

ಆದರೆ ಈ ಸಂಬಂಧ ಸಲೀಸಲ್ಲ. ಆಂಡೀಸಿನ ಗಡ್ಡೆ ತನ್ನೊಡನೆ ಆಳವಾದ ಕಣ್ಣು, ಉದ್ದನೆಯ ಬಳ್ಳಿಬೇರು, ತಡವಾದ ಮಾಗುವಿಕೆ, ಸಣ್ಣಸಣ್ಣ ಗಡ್ಡೆಗಳ ಗೊಂಚಲನ್ನೂ ತರುತ್ತದೆ. ಒಟ್ಟು ತೂಕ ಹೆಚ್ಚಾದರೂ ಮಂಡಿಯವನು ಗಾತ್ರ ನೋಡುತ್ತಾನೆ, ಅಡುಗೆಯವಳು ಸಿಪ್ಪೆ ನೋಡುತ್ತಾಳೆ. ಆಳದ ಕಣ್ಣಿನ ಗಡ್ಡೆ ಹೆರೆದರೆ ಅರ್ಧ ತಿಪ್ಪೆಗೆ. ತಾಯಿ ಯಾರು, ತಂದೆ ಯಾರು ಎನ್ನುವುದೂ ಇಲ್ಲಿ ಎಣಿಕೆಗೆ ಬರುತ್ತದೆ. ಟ್ಯೂಬರೋಸಮ್ ತಾಯಿಯಾದರೆ ಮಕ್ಕಳಲ್ಲಿ ಇಳುವರಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಆದರೆ ಅವುಗಳ ಹೂವಿನಲ್ಲಿ ಫಲವಂತ ಪರಾಗ ಸಿಗದೆ ವಂಶ ಮುಂದುವರಿಸುವುದು ಕಷ್ಟ. ಆಂಡಿಜೆನಾ ತಾಯಿಯಾದರೆ ಪರಾಗ ಸಿಗುತ್ತದೆ. ತಳಿವಿಜ್ಞಾನಿಗಳು ಎಷ್ಟೋ ವರ್ಷ ಈ ಒಂದು ಗಂಟಿನ ಸುತ್ತಲೇ ತಿರುಗಿದ್ದಾರೆ.

ಇಳುವರಿ ಎಂದರೆ ಬೆಳೆದದ್ದು ಮಾತ್ರ ಅಲ್ಲ, ರೋಗ ತಿಂದು ಉಳಿದದ್ದು ಎಂಬುದನ್ನು ರೈತರು ನಮಗಿಂತ ಚೆನ್ನಾಗಿ ಬಲ್ಲರು. ಆ ಲೆಕ್ಕದಲ್ಲಿ ಆಂಡಿಜೆನಾ ಕೊಟ್ಟದ್ದು ದೊಡ್ಡದು. ಬೇರಿಗೆ ಅಂಟಿ ಬೆಳೆ ಕುಗ್ಗಿಸುವ ದುಂಡುಹುಳುವಿಗೆ ಬ್ರಿಟನ್ನಿನ ಸಂಗ್ರಹದಲ್ಲಿದ್ದ ಸಿಪಿಸಿ 1673 ಎಂಬ ಆಂಡಿಜೆನಾ ಗಡ್ಡೆಯಲ್ಲಿ ನಿರೋಧಕತೆ ಇದೆಯೆಂದು 1952ರಲ್ಲಿ ಎಲೆನ್‌ಬಿ ತೋರಿಸಿದರು. ಆ ಒಂದು ಜೀನು ಹೊತ್ತು 1966ರಲ್ಲಿ ಬಂದ ಮಾರಿಸ್ ಪೈಪರ್ ಬ್ರಿಟನ್ನಿನ ಹೊಲಗಳನ್ನು ತುಂಬಿತು. 1961ರಲ್ಲಿ ನಮ್ಮ ನೀಲಗಿರಿಯಲ್ಲಿ ಪತ್ತೆಯಾದದ್ದೂ ಇದೇ ಬಳಗದ ಹುಳು.

ಅಲ್ಪ ವರ್ಣತಂತುಗಳ ಫುರೇಜಾ ಮತ್ತು ಸ್ಟೆನೊಟೋಮಮ್ ಗುಂಪುಗಳ ಕತೆ ಇದಕ್ಕಿಂತಲೂ ಸ್ವಾರಸ್ಯದ್ದು. 24ರದನ್ನು 48ರದರೊಡನೆ ಕೂಡಿಸಿದರೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಪೆಲೊಕ್ವಿನ್ ಮತ್ತು ಅವರ ಸಂಗಡಿಗರು ಈ ತೊಡಕನ್ನೇ ಉಪಕರಣ ಮಾಡಿಕೊಂಡರು. 1958ರಲ್ಲಿ ಹೂಗಾಸ್, ಪೆಲೊಕ್ವಿನ್, ರಾಸ್ ಮೂವರು ಊರ ಆಲೂಗಡ್ಡೆಯ ಹೂವಿಗೆ ಫುರೇಜಾದ ಪರಾಗ ಹಾಕಿದರು. ಹುಟ್ಟಿದ ಬೀಜಗಳಲ್ಲಿ ಕೆಲವು ತಂದೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಾಯಿಯ ಅರ್ಧ ವರ್ಣತಂತುಗಳಿಂದಲೇ ಬೆಳೆದವು. ಯಾವುದು ಅಂಥದ್ದು ಎಂದು ತಿಳಿಯುವುದು ಹೇಗೆ? ಭ್ರೂಣದ ಮೇಲೆ ನೇರಳೆ ಚುಕ್ಕೆ ಮೂಡಿಸುವ ಫುರೇಜಾ ಗಿಡಗಳನ್ನೇ ತಂದೆಯಾಗಿ ಆರಿಸಲಾಯಿತು. ಬೀಜವನ್ನು ಭೂತಗನ್ನಡಿಯಡಿ ಹಿಡಿದು ನೋಡಿ, ಚುಕ್ಕೆ ಕಂಡರೆ ತಂದೆಯ ಪಾಲು ಬಂದಿದೆ ಎಂದು ಬದಿಗಿಟ್ಟರು, ಚುಕ್ಕೆಯಿಲ್ಲದ್ದನ್ನು ಬಿತ್ತಿದರು. 24 ವರ್ಣತಂತುಗಳಿಗೆ ಇಳಿದ ಈ ಊರ ಆಲೂಗಡ್ಡೆ ಫುರೇಜಾದೊಡನೆ ಈಗ ಸಮಸಮವಾಗಿ ಬೆರೆಯಬಲ್ಲದು.

ಅಲ್ಲಿಂದ ಮತ್ತೆ 48ಕ್ಕೆ ಏರಬೇಕು. ಕೆಲವು ಗಿಡಗಳಲ್ಲಿ ಪರಾಗ ಕಟ್ಟುವಾಗ ವರ್ಣತಂತುಗಳು ಅರ್ಧವಾಗದೆ 24 ಪೂರ್ತಿಯಾಗಿಯೇ ಒಂದು ಪರಾಗಕಣಕ್ಕೆ ಸೇರಿಬಿಡುತ್ತವೆ. ನೋಡುವುದಕ್ಕೆ ದೋಷ. ಆದರೆ ಆ ದಪ್ಪ ಪರಾಗದ ಮೂಲಕ ಬೆರಕೆ ಗಿಡದ ವೈವಿಧ್ಯದ ನೂರಕ್ಕೆ ಸುಮಾರು 80ರಷ್ಟು ಚೂರಾಗದೆ ಮುಂದಿನ ತಲೆಮಾರಿಗೆ ದಾಟುತ್ತದೆ. 48ರ ತಾಯಿಗೆ ಈ ಪರಾಗ ಹಾಕಿದರೆ ಮಗುವೂ 48ರದೇ. ಹೀಗೆ ಹುಟ್ಟಿದ ಸಾಲುಗಳಲ್ಲಿ ಇಳುವರಿ ಹಲವು ಬಾರಿ ಒಳ್ಳೆಯ ತಳಿಗಳನ್ನೂ ಮೀರಿತು. ಹಳದಿ ತಿರುಳಿನ ಯೂಕಾನ್ ಗೋಲ್ಡ್ ಈ ಬಳಗದ್ದೇ. ಕೆನಡಾದ ಗ್ವೆಲ್ಫ್‌ನಲ್ಲಿ ಗ್ಯಾರಿ ಜಾನ್‌ಸ್ಟನ್ 1966ರಲ್ಲಿ ನಾರ್‌ಗ್ಲೀಮ್ ಎಂಬ ತಳಿಗೆ ಪೆಲೊಕ್ವಿನ್‌ರ ಊರಾದ ವಿಸ್ಕಾನ್ಸಿನ್‌ನ ಒಂದು ಗಿಡದ ಪರಾಗ ಹಾಕಿಸಿದರು. ಆ ಗಿಡದ ಒಂದು ಕಡೆ ಕಟಾಡಿನ್ ಎಂಬ ಊರ ತಳಿ, ಇನ್ನೊಂದು ಕಡೆ ಫುರೇಜಾ. 1980ರಲ್ಲಿ ಬಿಡುಗಡೆಯಾದ ಅದರ ಬಣ್ಣ ಆಂಡೀಸಿನ ಹಳದಿ.

ಇನ್ನು ನಮ್ಮ ಕಡೆಯ ವಿಷಯ. ಪೋರ್ಚುಗೀಸರ ಜೊತೆ ಬಂದ ಗಡ್ಡೆ ಕರಾವಳಿಯಲ್ಲಿ ಇವತ್ತೂ ಬಟಾಟೆ. ಬೆಂಗಳೂರಿನ ಸುತ್ತ ಉರುಳಗಡ್ಡೆ. ಮಸಾಲೆ ದೋಸೆಯ ಪಲ್ಯ, ಪೂರಿಯ ಸಾಗು ಅದಿಲ್ಲದೆ ಆಗದು. ಹಾಗಿದ್ದೂ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಅದನ್ನು ಇನ್ನೂ ಸೇರಿಸುವುದಿಲ್ಲ. ಹೊರಗಿನದು ಎಂಬ ನೆನಪು ಅಷ್ಟು ಆಳವಾಗಿದೆ. ಉತ್ತರ ಭಾರತದಲ್ಲಿ ಬಹುಕಾಲ ಬೆಳೆಯುತ್ತಿದ್ದದ್ದು ಫುಲ್ವಾ, ಗೋಲಾ, ಡಾರ್ಜಿಲಿಂಗ್ ಕೆಂಪು ದುಂಡು ಎಂಬ ಹಳೆಯ ಗಡ್ಡೆಗಳು. ಫುಲ್ವಾದಂಥವು ಆಂಡಿಜೆನಾದ ಚಹರೆಯವು. ಬಯಲಿನ ಚಳಿಗಾಲದ ಗಿಡ್ಡ ಹಗಲಿಗೆ ಹೇಳಿ ಮಾಡಿಸಿದಂಥವು. ಬಿಸಿಲಿನ ತಿಂಗಳುಗಳಲ್ಲಿ ಮನೆಯ ಮೂಲೆಯಲ್ಲಿ ಇಟ್ಟರೂ ಬೇಗ ಕೆಡುತ್ತಿರಲಿಲ್ಲ.

1935ರಲ್ಲಿ ಶಿಮ್ಲಾದಲ್ಲಿ ತಳಿ ಕೇಂದ್ರ ಬಂತು. 1949ರಲ್ಲಿ ಪಾಟ್ನಾದಲ್ಲಿ ಆರಂಭವಾದ ಕೇಂದ್ರೀಯ ಸಂಸ್ಥೆ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಬೆಟ್ಟಕ್ಕೆ ಹೋಗಲು ಕಾರಣವಿದೆ. ಬಯಲಿನ ಗಿಡ್ಡ ಹಗಲಲ್ಲಿ ಆಲೂಗಡ್ಡೆ ಸರಿಯಾಗಿ ಹೂ ಬಿಡುವುದಿಲ್ಲ, ಬಿಟ್ಟರೂ ಉದುರುತ್ತದೆ. ಶಿಮ್ಲಾ ಬಳಿಯ ಕುಫ್ರಿಯಲ್ಲಿ ಬೇಸಿಗೆಯ ಹಗಲು ಹದಿನಾಲ್ಕು ಗಂಟೆ, ಗಾಳಿ ತಂಪು. ಅಲ್ಲಿ ಸಂಬಂಧ ಕೂಡಿಸುವ ಕೆಲಸ ನಡೆಯುವುದು ಹೀಗೆ: ನಾಳೆ ಅರಳುವ ಮೊಗ್ಗನ್ನು ಇವತ್ತೇ ಬಿಡಿಸಿ, ಚಿಮಟದಿಂದ ಐದು ಹಳದಿ ಕೇಸರಗಳನ್ನೂ ಕಿತ್ತು ಹಾಕುತ್ತಾರೆ. ತಂದೆ ಗಿಡದ ಹೂ ತಂದು ಸಣ್ಣ ಸೀಸೆಯ ಮೇಲೆ ಅಲುಗಿಸಿ ಪರಾಗ ಉದುರಿಸಿಕೊಳ್ಳುತ್ತಾರೆ. ಮೊಗ್ಗಿನ ನಡುವೆ ಗುಂಡುಸೂಜಿಯ ತಲೆಯಷ್ಟು ಹಸಿರಾಗಿ ಉಳಿದ ತುದಿಯನ್ನು ಆ ಪುಡಿಯಲ್ಲಿ ಅದ್ದುತ್ತಾರೆ. ಕೊರಳಿಗೆ ಒಂದು ಚೀಟಿ. ಅದರಲ್ಲಿ ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ, ಕೆಳಗೆ ತಾರೀಖು. ಕಾಯಿ ಕಟ್ಟಿದರೆ ತೊಟ್ಟು ಕಳಚಿ ಬೀಳದಂತೆ ತೆಳುಬಟ್ಟೆಯ ಚೀಲ ಕಟ್ಟುತ್ತಾರೆ. ಸುಮಾರು ಆರು ವಾರಕ್ಕೆ ಹಣ್ಣು ಮೆತ್ತಗಾಗುತ್ತದೆ. ಕುಫ್ರಿ ಎಂಬ ಆ ಬೆಟ್ಟದ ಹೆಸರು ಸಂಸ್ಥೆಯ ತಳಿಗಳ ತಲೆಗೂ ಅಂಟಿತು.

1958ರಲ್ಲಿ ಬಂದ ಕುಫ್ರಿ ಕುಬೇರ್‌ನ ವಂಶಾವಳಿ ನೋಡಿ. ಹಿಮ ತಾಳುವ, 60 ವರ್ಣತಂತುಗಳ ಕಹಿ ಆಲೂಗಡ್ಡೆಗೂ ಟ್ಯೂಬರೋಸಮ್‌ಗೂ ಹುಟ್ಟಿದ ಮಗುವಿಗೆ ಮತ್ತೆ ಆಂಡಿಜೆನಾ ಬೆರೆಸಿದ್ದು ಅದು. ಆಂಡೀಸಿನ ನೆತ್ತಿ, ಆಂಡೀಸಿನ ಮೈ, ಚಿಲಿಯ ತಗ್ಗು, ಮೂರೂ ಕಡೆಯವು ಒಂದು ಗಡ್ಡೆಯಲ್ಲಿ. 1968ರಲ್ಲಿ ಬಂದು ಮನೆಮಾತಾದ ಕುಫ್ರಿ ಚಂದ್ರಮುಖಿಯ ತಂದೆ ಈ ಕುಬೇರ್. ಬಿಹಾರ, ಬಂಗಾಳದ ಕೆಂಪು ಗಡ್ಡೆ ಕುಫ್ರಿ ಸಿಂಧೂರಿಯ ತಾಯಿ ಕುಫ್ರಿ ರೆಡ್, ಅದು ಡಾರ್ಜಿಲಿಂಗಿನ ಆ ಹಳೆಯ ದುಂಡು ಗಡ್ಡೆಯಿಂದ ಆರಿಸಿದ್ದು. ಅಂದರೆ ಗುಂಪುಗಳ ಬೆರಕೆ ನಮ್ಮಲ್ಲಿ ಪುಸ್ತಕದ ಸಿದ್ಧಾಂತವಾಗುವ ಮೊದಲೇ ಹೊಲದಲ್ಲಿತ್ತು. ಮುಂದೆ ಶಿಮ್ಲಾದ ವಿಜ್ಞಾನಿಗಳು ಟ್ಯೂಬರೋಸಮ್-ಆಂಡಿಜೆನಾ ಬೆರಕೆಗಳನ್ನು ಬಯಲಿನ ಗಿಡ್ಡ ಹಗಲಲ್ಲಿ ಬೆಳೆಸಿ ನೋಡಿದಾಗಲೂ ಇಳುವರಿಯಲ್ಲಿ ಅವುಗಳದೇ ಮೇಲುಗೈ. ಸಿಮಂಡ್ಸ್‌ಗೆ ಉದ್ದ ಹಗಲಿಗೆ ಒಗ್ಗಿಸಲು ವರ್ಷಗಳು ಬೇಕಾದವು. ಗಿಡ್ಡ ಹಗಲಿನ ನಮಗೆ ಆ ಹೊರೆಯೇ ಇಲ್ಲ. ಆಂಡಿಜೆನಾ ಬಂದ ದಿನದಿಂದಲೇ ಇಲ್ಲಿ ಗಡ್ಡೆ ಕಟ್ಟಬಲ್ಲದು.

ಈ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಂಡವರು ನೆರೆಯವರು. ಪೆರುವಿನ ಲಿಮಾದಲ್ಲಿ 1971ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಬಳಿ ಆಂಡೀಸಿನ ನಾಲ್ಕು ಸಾವಿರಕ್ಕೂ ಹೆಚ್ಚು ನಾಟಿ ಬಗೆಗಳಿವೆ. ಆ ಕೇಂದ್ರ ಕೊಟ್ಟ ಬೀಜದಿಂದ ಚೀನಾದ ಯುನಾನ್ ಪ್ರಾಂತದಲ್ಲಿ ಒಂದು ಸಸಿಯನ್ನು ಆರಿಸಿ 2001ರಲ್ಲಿ ಬಿಡುಗಡೆ ಮಾಡಿದರು. ಇಬ್ಬರೂ ಸೇರಿ ಮಾಡಿದ್ದರಿಂದ ಅದಕ್ಕೆ 'ಸಹಕಾರ-88' ಎಂಬರ್ಥದ ಹೆಸರು. ಅದರ ತಾಯಿ ಭಾರತ ಮೂಲದ ಐ-1085 ಎಂಬ ಟ್ಯೂಬರೋಸಮ್. ತಂದೆಯ ಕಡೆ ಆಂಡಿಜೆನಾದ ಪರಾಗ. ಇಳುವರಿ, ಅಂಗಮಾರಿಗೆ ತಡೆ, ರುಚಿ ಮೂರೂ ಕೂಡಿ ಅದು ನೈಋತ್ಯ ಚೀನಾದ ಬೆಟ್ಟಗಳಲ್ಲಿ ಲಕ್ಷಾಂತರ ಹೆಕ್ಟೇರಿಗೆ ಹರಡಿತು. ನಮ್ಮ ಮನೆಯ ಹೆಣ್ಣು, ಆಂಡೀಸಿನ ಗಂಡು, ಸಂಸಾರ ಹೂಡಿದ್ದು ಯುನಾನ್‌ನಲ್ಲಿ. ಗುಂಪುಗಳ ಸಂಕರಣಕ್ಕೆ ಇದಕ್ಕಿಂತ ಕಣ್ಣೆದುರಿನ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಬೇರೊಂದು ಹಾದಿಯೂ ತೆರೆದಿದೆ. ಮೆಕ್ಕೆಜೋಳದಲ್ಲಿ ಮಾಡುವಂತೆ ಆಲೂಗಡ್ಡೆಯಲ್ಲೂ ಎರಡು ಶುದ್ಧ ಸಾಲುಗಳನ್ನು ಕಟ್ಟಿ, ಅವುಗಳನ್ನು ಕೂಡಿಸಿ, ಬೀಜವನ್ನೇ ರೈತನಿಗೆ ಕೊಡುವ ಹಾದಿ. 24 ವರ್ಣತಂತುಗಳ ಆಲೂಗಡ್ಡೆ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ ಎನ್ನುವುದು ಅಡ್ಡಿಯಾಗಿತ್ತು. ಕಾಡು ಜಾತಿಯೊಂದರಲ್ಲಿ ಜಪಾನಿನ ಹೊಸಾಕಾ ಮತ್ತು ಅಮೆರಿಕದ ಹ್ಯಾನೆಮನ್ 1998ರಲ್ಲಿ ಗುರುತಿಸಿದ ಒಂದು ಜೀನು ಆ ಅಡ್ಡಿ ತೆಗೆಯಿತು. ನೆದರ್ಲೆಂಡ್ಸ್‌ನ ಸೊಲಿಂಟಾ ಕಂಪನಿ, ಚೀನಾದಲ್ಲಿ ಸನ್‌ವೆನ್ ಹುವಾಂಗ್ ತಂಡ ಈ ದಾರಿಯಲ್ಲಿ ಬಹಳ ಮುಂದೆ ಹೋಗಿವೆ. ಹೆಕ್ಟೇರಿಗೆ ಎರಡೂವರೆ ಟನ್ ಗಡ್ಡೆ ಹೊರುವ ಜಾಗದಲ್ಲಿ ನೂರೈವತ್ತು ಗ್ರಾಂ ಬೀಜ ಸಾಕಾಗುತ್ತದೆ. ಬೀಜದಿಂದ ಆಲೂಗಡ್ಡೆ ಬೆಳೆಯುವುದು ನಮಗೆ ಹೊಸದೂ ಅಲ್ಲ, ತ್ರಿಪುರಾದ ರೈತರು ದಶಕಗಳಿಂದ ಹಾಗೆ ಬೆಳೆದಿದ್ದಾರೆ. ಆದರೆ ಸಸಿಮಡಿ, ನಾಟಿ, ಸಣ್ಣ ಗಡ್ಡೆ, ಎಲ್ಲಕ್ಕೂ ದುಡಿಮೆ ಹೆಚ್ಚು. ಶುದ್ಧ ಸಾಲುಗಳ ಈ ಹೊಸ ಹಾದಿಯಲ್ಲೂ ಹಳೆಯ ನಿಯಮ ತಪ್ಪಿಲ್ಲ: ಎರಡು ಸಾಲುಗಳು ವಂಶದಲ್ಲಿ ಎಷ್ಟು ದೂರವೋ ಅವುಗಳ ಮಗುವಿಗೆ ಅಷ್ಟು ಹುರುಪು ಸಿಗುವ ಸಾಧ್ಯತೆ.

ಭಾರತ ವರ್ಷಕ್ಕೆ ಐದು ಕೋಟಿ ಟನ್ನಿಗೂ ಮೀರಿ ಆಲೂಗಡ್ಡೆ ಬೆಳೆದು ಚೀನಾದ ನಂತರ ಎರಡನೆಯ ಸ್ಥಾನದಲ್ಲಿದೆ. ಹೆಕ್ಟೇರಿಗೆ ದೇಶದ ಸರಾಸರಿ ಸುಮಾರು 25 ಟನ್. ಕರ್ನಾಟಕದ್ದು ಅದಕ್ಕಿಂತ ಕಡಿಮೆ. ಉತ್ತರದವರು ಚಳಿಗಾಲದಲ್ಲಿ ನೀರು ಹಾಯಿಸಿ, ತಿಳಿ ಆಕಾಶದಡಿ ಬೆಳೆಯುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆ ಅದು ಮುಂಗಾರಿನ ಬೆಳೆ. ಜುಲೈ, ಆಗಸ್ಟ್‌ನ ಮೋಡ, ತುಂತುರು, ತಂಪು ಅಂಗಮಾರಿಗೆ ಹಬ್ಬ. ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಲೆ ಕಂಡು ಒಂದು ವಾರಕ್ಕೆ ಹೊಲ ಸುಟ್ಟಂತಾಗುತ್ತದೆ, ಕೊಳೆತ ವಾಸನೆ ದಾರಿಯವರೆಗೂ ಬರುತ್ತದೆ. ಕುಫ್ರಿ ಜ್ಯೋತಿ ಬಂದಾಗ ಅದಕ್ಕೆ ಅಂಗಮಾರಿ ತಾಳುವ ಶಕ್ತಿ ಇತ್ತು. ರೋಗಾಣು ಬದಲಾಯಿತು, ಗಡ್ಡೆಯಿಂದ ಗಡ್ಡೆಯಾದ ಜ್ಯೋತಿ ಬದಲಾಗಲು ದಾರಿಯಿರಲಿಲ್ಲ. ಒಂದು ಕಾಲಕ್ಕೆ ಆಲೂಗಡ್ಡೆಯಿಂದಲೇ ಹೆಸರಾದ ಜಿಲ್ಲೆಯಲ್ಲಿ ಹೊಲಗಳು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿವೆ. ಅಂಗಮಾರಿ ತಾಳುವ ಕುಫ್ರಿ ಹಿಮಾಲಿನಿ ಈಚೆಗೆ ಆ ಭಾಗಕ್ಕೆ ಬಂದಿದೆ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಲಿಮಾದ ಕೇಂದ್ರದ ನೆರವಿನಿಂದ ಕುಡಿಗೆ ಬೇರು ಬರಿಸಿದ ಸಸಿಗಳನ್ನು ರೈತರಿಗೆ ಕೊಡಲು ಶುರು ಮಾಡಿದೆ. ಇದು ಬಹಳ ಒಳ್ಳೆಯ ಕೆಲಸ. ನಂಜುರೋಗ ತುಂಬಿದ ಬಿತ್ತನೆ ಗಡ್ಡೆಯಿಂದ ಎಂಥ ದೂರದ ಸಂಬಂಧದ ತಳಿಯೂ ಫಸಲು ಕೊಡಲಾರದು. ಶುದ್ಧ ಸಸಿ ಹಾಸನದಲ್ಲೇ ಸಿಗುವುದಾದರೆ ಪಂಜಾಬಿನ ಲಾರಿ ಕಾಯಬೇಕಿಲ್ಲ.

ಆದರೆ ಆ ಸಸಿ ಯಾವ ತಳಿಯದು ಎನ್ನುವ ಪ್ರಶ್ನೆ ಉಳಿಯುತ್ತದೆ. ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದ ಅತಿ ಉದ್ದ ಹಗಲೂ ಅಲ್ಲಿ ಹದಿಮೂರು ಗಂಟೆ ಮುಟ್ಟುವುದಿಲ್ಲ. ಬೆಳಕಿನ ಲೆಕ್ಕದಲ್ಲಿ ಅದು ಶಿಮ್ಲಾಕ್ಕಿಂತ ಆಂಡೀಸಿಗೆ ಹತ್ತಿರ. ಅಂಗಮಾರಿಗೆ ಹಲವು ಜೀನುಗಳು ಕೂಡಿ ಒಡ್ಡುವ ನಿಧಾನದ, ಬಾಳಿಕೆಯ ತಡೆಯನ್ನು ಲಿಮಾದವರು ಆಂಡಿಜೆನಾದಿಂದಲೂ ಬೆಳೆಸಿಕೊಂಡಿದ್ದಾರೆ. ಕುಫ್ರಿಯ ಬೆಟ್ಟದಲ್ಲಿ ಕಟ್ಟಿದ ಆಂಡಿಜೆನಾ ಬೆರಕೆಯ ಬೀಜಗಳ ಒಂದು ಪಾಲು ಚಳಿಗಾಲದ ಪಂಜಾಬಿಗೆ ಹೋಗುವಂತೆ ಮುಂಗಾರಿನ ಹಾಸನಕ್ಕೂ ಬರಬೇಕು. ಜೂನ್‌ನಲ್ಲಿ ಸೋಮನಹಳ್ಳಿ ಕಾವಲಿನ ಕೆಂಪು ಮಣ್ಣಿಗೆ ಕೆಲವು ಸಾವಿರ ಸಸಿ ಇಳಿಸಿ, ಔಷಧಿ ಹೊಡೆಯದೆ, ಆಗಸ್ಟ್‌ನ ಜಡಿಮಳೆಗೆ ಬಿಡಬೇಕು. ಸೆಪ್ಟೆಂಬರಿನಲ್ಲಿ ಇನ್ನೂ ಹಸಿರಾಗಿ ನಿಂತ ಗಿಡಗಳ ಬುಡ ಕಿತ್ತು, ಜಗುಲಿಯ ಮೇಲೆ ಗಡ್ಡೆ ಕೊಯ್ಯುವ ಆ ಹೆಂಗಸರ ಕೈಗೆ ಕೊಟ್ಟು, ಕಣ್ಣು ಎಷ್ಟು ಆಳ, ಸಿಪ್ಪೆ ಎಷ್ಟು ತೆಳು, ಒಳಗೆ ಉಂಗುರ ಇದೆಯೇ ಎಂದು ಅವರನ್ನೇ ಕೇಳಬೇಕು.